ಯಾರೋ ಅಲ್ಲ, ನಮ್ಮ ಬದುವಿನ ಬಳಗ

ಕಲಬುರಗಿಯ ಖ್ವಾಜಾ ಬಂದಾ ನವಾಜ್ ದರ್ಗಾದ ಕಡೆ ಒಂದು ಯುನಾನಿ ಔಷಧಿ ಅಂಗಡಿ. ಕಪಾಟಿನ ತುಂಬ ಗುಲ್ಕಂದ್, ಖಮೀರಾ, ಮಾಜೂನುಗಳ ಡಬ್ಬಿಗಳು. ಅವುಗಳ ಪಕ್ಕದಲ್ಲೇ ನೀರಿನಷ್ಟು ತಿಳಿಯಾದ ದ್ರವ ತುಂಬಿದ ಬಾಟಲಿ. ಮೇಲೆ ಉರ್ದುವಿನಲ್ಲಿ ಹೆಸರು: ಅರ್ಕೆ ಬಿರಂಜಾಸಿಫ್. ಜ್ವರ ಬಿಡದೆ ಕಾಡಿದಾಗ, ಲಿವರ್ ಊದಿಕೊಂಡಾಗ ಹಕೀಮರು ಬರೆದುಕೊಡುವ ಭಟ್ಟಿ ನೀರು. ಏನಿದು ಬಿರಂಜಾಸಿಫ್ ಎಂದು ಬೆನ್ನು ಹತ್ತಿ ಹೊರಟರೆ ದಾರಿ ನೇರವಾಗಿ ಟ್ರಾಯ್ ನಗರದ ರಣರಂಗಕ್ಕೆ ಹೋಗಿ ಮುಟ್ಟುತ್ತದೆ! ಅಲ್ಲಿಂದ ಚೀನಾದ ಶಕುನ ಹೇಳುವವರ ಚಾಪೆಗೆ, ಸ್ಪೇನ್ ದೇಶದ ಒಂದು ಗುಹೆಗೆ, ತಿರುಗಿ ತಿರುಗಿ ಕೊನೆಗೆ ನಮ್ಮದೇ ಕಮಲಾಪುರದ ಕೆಂಪು ಬಾಳೆಯ ತೋಟಕ್ಕೆ. ಇಷ್ಟೆಲ್ಲ ಊರು ಸುತ್ತಿಸಿದ್ದು ಮೊಣಕಾಲೆತ್ತರದ ಒಂದು ಗಿಡ.

ಭಾರತದ ಯುನಾನಿ ಫಾರ್ಮಕೋಪಿಯಾ ಬಿರಂಜಾಸಿಫ್ ಎಂದು ಗುರುತಿಸುವುದು ಅಕಿಲಿಯಾ ಮಿಲ್ಲೆಫೋಲಿಯಂ ಎಂಬ ಸಸ್ಯವನ್ನು. ಇಂಗ್ಲಿಷಿನಲ್ಲಿ ಇದರ ಹೆಸರು ಯಾರೋ. ನಾವು ಗುರುತಿಲ್ಲದವರನ್ನು ಅನ್ನುವ ಹಾಗೆಯೇ! ಆದರೆ ಇದರಷ್ಟು ಗುರುತು, ಇದರಷ್ಟು ನಂಟು ಗಳಿಸಿದ ಗಿಡ ಭೂಮಿಯ ಮೇಲೆ ಎಷ್ಟಿದ್ದಾವು? ನಮ್ಮ ದೇಶದಲ್ಲಿ ಇದು ಬೆಳೆಯುವುದು ಹಿಮಾಲಯದಲ್ಲಿ, ಕಾಶ್ಮೀರದಿಂದ ಕುಮಾವೂನ್‌ವರೆಗೆ, ಸಾವಿರ ಮೀಟರಿನಿಂದ 3,600 ಮೀಟರ್ ಎತ್ತರದವರೆಗಿನ ತಂಪು ಹುಲ್ಲುಗಾವಲುಗಳಲ್ಲಿ. ಎಲೆಯನ್ನು ಕತ್ತರಿಯಲ್ಲಿ ಸಾವಿರ ಚೂರು ಮಾಡಿ ಮತ್ತೆ ಜೋಡಿಸಿದಂತಿರುತ್ತದೆ, ಅಷ್ಟು ನವಿರು. ಮಿಲ್ಲೆಫೋಲಿಯಂ ಅಂದರೂ ಸಾವಿರ ಎಲೆಯದ್ದು ಎಂದೇ. ಕಾಂಡದ ತುದಿಗೆ ಚಪ್ಪಟೆಯಾಗಿ ಹರಡಿದ ಬಿಳಿ ಹೂಗೊಂಚಲು. ಆ ಗೊಂಚಲಿನ ಪುಟ್ಟ ಹೂ ಒಂದನ್ನು ಕಿತ್ತು ಕಣ್ಣಿಗೆ ಹತ್ತಿರ ಹಿಡಿದರೆ ಸುತ್ತಲೂ ಐದೇ ಐದು ಬಿಳಿ ಎಸಳು, ಒಂದೊಂದರ ತುದಿಯಲ್ಲೂ ಮೂರು ಹಲ್ಲು. ಈ ಐದು ಎಸಳು, ಮೂರು ಹಲ್ಲಿನ ಲೆಕ್ಕ ನೆನಪಿರಲಿ. ಮುಂದೆ ಬೇಕಾಗುತ್ತದೆ.

ಅಕಿಲಿಯಾ ಎಂಬ ಹೆಸರು ಬಂದಿದ್ದು ಗ್ರೀಕರ ಮಹಾವೀರ ಅಕಿಲೀಸನಿಂದ. ಹೋಮರನ ಇಲಿಯಡ್ ಕಾವ್ಯದ 11ನೇ ಸರ್ಗದಲ್ಲಿ ಯೂರಿಪಿಲಸ್ ಎಂಬ ಯೋಧ ತೊಡೆಗೆ ಬಾಣ ನಾಟಿಸಿಕೊಂಡು ಕುಂಟುತ್ತ ಬರುತ್ತಾನೆ. ಅಕಿಲೀಸನ ಜೀವದ ಗೆಳೆಯ ಪಾಟ್ರೋಕ್ಲಸ್ ಅವನನ್ನು ಡೇರೆಯೊಳಗೆ ಮಲಗಿಸಿ, ಚೂರಿಯಿಂದ ಬಾಣವನ್ನು ಕೊಯ್ದು ತೆಗೆದು, ಬಿಸಿನೀರಿನಲ್ಲಿ ಕಪ್ಪು ರಕ್ತ ತೊಳೆದು, ಒಂದು ಕಹಿ ಬೇರನ್ನು ಅಂಗೈಯಲ್ಲಿ ಉಜ್ಜಿ ಗಾಯಕ್ಕೆ ಇಡುತ್ತಾನೆ. ನೋವು ಇಳಿಯುತ್ತದೆ, ರಕ್ತ ನಿಲ್ಲುತ್ತದೆ. ಈ ವಿದ್ಯೆ ಪಾಟ್ರೋಕ್ಲಸನಿಗೆ ಬಂದದ್ದು ಅಕಿಲೀಸನಿಂದ, ಅಕಿಲೀಸನಿಗೆ ಬಂದದ್ದು ಅರ್ಧ ಕುದುರೆ ಅರ್ಧ ಮನುಷ್ಯನಾದ ಗುರು ಕೈರಾನ್‌ನಿಂದ. ಹೋಮರ್ ಆ ಬೇರಿನ ಹೆಸರು ಹೇಳಿಲ್ಲ. ನಂತರದವರು ಅದನ್ನು ಅಕಿಲೀಸನ ಗಿಡದ ಜೊತೆ ಸೇರಿಸಿದರು. ಕ್ರಿ.ಶ. ಒಂದನೇ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್, ರೋಮಿನ ಪ್ಲಿನಿ ಇಬ್ಬರೂ ಗಾಯಕ್ಕೆ ಹಚ್ಚುವ ಗಿಡವೆಂದು ಇದನ್ನು ದಾಖಲಿಸಿದರು. ರೋಮನ್ನರ ಬಾಯಲ್ಲಿ ಅದು ಸೈನಿಕರ ಮೂಲಿಕೆಯಾಯಿತು. ಫ್ರಾನ್ಸಿನಲ್ಲಿ ಬಡಗಿಗಳ ಗಿಡ, ಏಕೆಂದರೆ ಉಳಿ ಬಾಚಿ ಹಿಡಿದವನ ಕೈಗೆ ಏಟು ತಪ್ಪಿದ್ದಲ್ಲ. ಮೂಗಿನಿಂದ ರಕ್ತ ಸೋರಿದರೂ ಇದೇ ಎಲೆ. ಹಾಪ್ಸ್ ಬರುವ ಮೊದಲು ಯುರೋಪಿನವರು ಬಿಯರಿಗೆ ಕಹಿ ಕೊಡುತ್ತಿದ್ದ ಸೊಪ್ಪುಗಳ ಮಿಶ್ರಣದಲ್ಲೂ ಇದಕ್ಕೆ ಜಾಗ.

ಚೀನಾದಲ್ಲಿ ಇದೇ ಕುಲದ ಗಿಡದ ಒಣ ಕಡ್ಡಿಗಳನ್ನು ಶಕುನ ನೋಡಲು ಬಳಸಿದರು. ಐ ಚಿಂಗ್ ಗ್ರಂಥದ ಪದ್ಧತಿಯಲ್ಲಿ 50 ಕಡ್ಡಿ ಹಿಡಿದು, ಒಂದನ್ನು ಬದಿಗಿಟ್ಟು, ಉಳಿದ 49ನ್ನು ಎರಡು ಪಾಲು ಮಾಡಿ, ಎಣಿಸುತ್ತ ಎಣಿಸುತ್ತ ಭವಿಷ್ಯದ ಗೆರೆಗಳನ್ನು ಹುಟ್ಟಿಸುತ್ತಾರೆ.

ಇನ್ನೂ ಹಿಂದೆ ಹೋಗೋಣವೇ? ಸ್ಪೇನಿನ ಎಲ್ ಸಿದ್ರೋನ್ ಗುಹೆಯಲ್ಲಿ ಸಿಕ್ಕ ನಿಯಾಂಡರ್ತಾಲ್ ಮಾನವರ ಹಲ್ಲಿನ ಮೇಲೆ ಗಟ್ಟಿಯಾಗಿದ್ದ ಪಾಚಿಯನ್ನು ಕರೆನ್ ಹಾರ್ಡಿ ಮತ್ತು ಅವರ ಸಂಗಡಿಗರು ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದರಲ್ಲಿ ಯಾರೋ ಮತ್ತು ಕ್ಯಾಮೊಮೈಲ್ ಗಿಡಗಳಿಗೆ ಹೊಂದುವ ರಾಸಾಯನಿಕಗಳ ಜಾಡು! ಎರಡೂ ಕಹಿ, ಎರಡರಲ್ಲೂ ಹೊಟ್ಟೆ ತುಂಬಿಸುವಂಥದ್ದು ಏನೂ ಇಲ್ಲ. ತಿಂದದ್ದು ಮದ್ದೆಂದೇ ಇರಬೇಕು ಎಂಬುದು ಆ ಸಂಶೋಧಕರ ಊಹೆ. ಹತ್ತಿರ ಹತ್ತಿರ 50,000 ವರ್ಷದ ಹಿಂದಿನ ಬಾಯಿ ಅದು. ನಮ್ಮ ಜಾತಿಯ ಮನುಷ್ಯರೂ ಅಲ್ಲ ಅವರು!

ಈ ಗಿಡದೊಳಗೆ ಅಂಥದ್ದೇನಿದೆ? 1954ರಲ್ಲಿ ಮಿಲ್ಲರ್ ಮತ್ತು ಚೌ ಎಂಬ ರಸಾಯನವಿಜ್ಞಾನಿಗಳು ಇದರಿಂದ ಅಕಿಲೀನ್ ಎಂಬ ಆಲ್ಕಲಾಯ್ಡನ್ನು ಬೇರ್ಪಡಿಸಿದರು. ಮೊಲಗಳಲ್ಲಿ ಅದು ರಕ್ತ ಹೆಪ್ಪುಗಟ್ಟುವ ಸಮಯವನ್ನು ಕಡಿಮೆ ಮಾಡಿತು. ಜೊತೆಗೆ ಟ್ಯಾನಿನ್‌ಗಳಿವೆ. ಎಳೆ ಅಡಿಕೆ ಜಗಿದಾಗ ನಾಲಿಗೆ ಒಗರಾಗಿ ಬಿಗಿಯುತ್ತದಲ್ಲ, ಆ ಕೆಲಸ ಟ್ಯಾನಿನ್ನಿನದು. ಗಾಯದ ಬಾಯಿಯನ್ನೂ ಅದು ಹಾಗೆಯೇ ಬಿಗಿಯುತ್ತದೆ. ನನ್ನನ್ನು ಕೂತಲ್ಲಿಂದ ಎಬ್ಬಿಸಿದ್ದು ಮಾತ್ರ ಇನ್ನೊಂದು ಸಂಗತಿ. ಈ ಬಿಳಿ ಹೂಗಳನ್ನು ಹಬೆಯಲ್ಲಿ ಭಟ್ಟಿ ಇಳಿಸಿದರೆ ಬರುವ ಎಣ್ಣೆ ಕಡುನೀಲಿ! ಹೂವಿನಲ್ಲಿ ನೀಲಿಯ ಸುಳಿವೇ ಇರುವುದಿಲ್ಲ. ಬಿಸಿ ತಾಗಿದಾಗ ಒಳಗಿನ ಬಣ್ಣವಿಲ್ಲದ ರಾಸಾಯನಿಕ ಒಡೆದು ಕ್ಯಾಮಜುಲೀನ್ ಆಗುತ್ತದೆ, ಅದರ ಬಣ್ಣ ನೀಲಿ. ಹಕೀಮರು ಮೂಲಿಕೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಬೆಳಗ್ಗೆ ಕರಾ ಅಂಬೀಕ್ ಎಂಬ ಭಟ್ಟಿ ಪಾತ್ರೆಯಲ್ಲಿ ಅರ್ಕ್ ಇಳಿಸುವಾಗ ನಡೆಯುವುದೂ ಇದೇ ಬಿಸಿಯ ಆಟ.

ಇಂಥ ತಂಪು ಬೆಟ್ಟದ ಗಿಡಕ್ಕೂ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಗೂ ಏನು ಸಂಬಂಧ? ಉತ್ತರ ಕೋಟೆಯೊಳಗೇ ನಿಂತಿದೆ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿತು, ಕಲಬುರಗಿ ಅದರ ರಾಜಧಾನಿಯಾಯಿತು. 1367ರ ಜಾಮಿ ಮಸೀದಿಗೆ ಅಂಗಳವೇ ಇಲ್ಲ, ಪೂರ್ತಿ ಮಾಡಿನಡಿ ಕಟ್ಟಿದ ಅಪರೂಪದ ಮಸೀದಿ. ಅದನ್ನು ಕಟ್ಟಿದವನು ರಫೀ, ಪರ್ಷಿಯಾದ ಖಜ್ವೀನ್ ಊರಿನವನು. ಆ ಪರ್ಷಿಯಾದಲ್ಲಿ ನಮ್ಮ ಈ ಗಿಡ ಬೂಮಾದರಾನ್ ಎಂಬ ಹೆಸರಿನ ಮನೆಮದ್ದು. ಕಟ್ಟಡದ ಕಸುಬು, ಕಾವ್ಯ, ಸೂಫಿ ಸಂತರು ಬಂದ ದಾರಿಯಲ್ಲೇ ಹಕೀಮರ ವಿದ್ಯೆಯೂ ದಖನಿಗೆ ನಡೆದು ಬಂತು. ರಾಜಧಾನಿ ಬೀದರಿಗೆ ಹೋದ ಮೇಲೆ ಎರಡನೇ ಅಹ್ಮದ್ ಶಾ ಅಲ್ಲೊಂದು ದಾರುಶ್ಶಿಫಾ, ಅಂದರೆ ಆಸ್ಪತ್ರೆ, ಕಟ್ಟಿಸಿದ. ಅದರ ಖರ್ಚಿಗೆ ಹಳ್ಳಿಗಳ ಉತ್ಪನ್ನ ಬಿಟ್ಟುಕೊಟ್ಟ. ರೋಗಿಗಳನ್ನು ನೋಡಲು ವೈದ್ಯರನ್ನೂ ಹಕೀಮರನ್ನೂ ಇಬ್ಬರನ್ನೂ ನೇಮಿಸಿದ ಎಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. 15ನೇ ಶತಮಾನದಲ್ಲಿ, ಒಂದೇ ಮಾಡಿನ ಕೆಳಗೆ ಎರಡು ವೈದ್ಯ ಪದ್ಧತಿ! ಆಮೇಲೆ ನಿಜಾಮರ ಕಾಲ. 1948ರ ಸೆಪ್ಟೆಂಬರಿನವರೆಗೆ ಕಲಬುರಗಿ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಯುನಾನಿಗೆ ಅಲ್ಲಿ ಅರಮನೆಯ ಬೆಂಬಲವಿತ್ತು. ಇಂದಿಗೂ ಈ ಊರಲ್ಲಿ ಹಕೀಮರ ಮದ್ದು ಕೇಳಿ ಬರುವವರಲ್ಲಿ ಜಾತಿ ಧರ್ಮದ ಗೆರೆ ಇಲ್ಲ.

ಬಿರಂಜಾಸಿಫ್ ಎಂಬ ಹೆಸರಿನದೂ ಒಂದು ಕಥೆ. ಹಳೆಯ ಅರಬ್ಬಿ ಗ್ರಂಥಗಳಲ್ಲಿ ಅದು ಆರ್ಟಿಮಿಸಿಯಾ ಕುಲದ ಗಿಡಕ್ಕೆ ಸಲ್ಲುತ್ತಿತ್ತು, ಅಂದರೆ ನಮ್ಮ ದವನದ ಹತ್ತಿರದ ಸಂಬಂಧಿಗೆ. ಭಾರತದ ಹಕೀಮರ ಕೈಯಲ್ಲಿ ಅದು ಯಾರೋ ಗಿಡಕ್ಕೆ ನಿಂತಿತು. ದವನ, ಯಾರೋ ಎರಡೂ ಸೇವಂತಿಗೆಯ ಕುಟುಂಬದವು. ಈ ಕುಟುಂಬದ ಹೊಕ್ಕುಬಳಕೆ ಇಷ್ಟಕ್ಕೇ ನಿಲ್ಲುವುದಿಲ್ಲ ಎಂಬುದು ಗೊತ್ತಾಗಿದ್ದು ಕಮಲಾಪುರದಲ್ಲಿ.

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಮಹಾಗಾಂವ ದಾಟಿದರೆ ಕಮಲಾಪುರ. ಬೀದರಿಗೆ ಹೋಗುವ ದಾರಿ ಇದು. ತೊಗರಿ ಬೆಳೆಯುವ ಕರಿ ಎರೆಭೂಮಿ ನೋಡಿ ನೋಡಿ ಒಗ್ಗಿದ ಕಣ್ಣಿಗೆ ಇಲ್ಲಿ ಇದ್ದಕ್ಕಿದ್ದಂತೆ ಕೆಂಪು ಮಣ್ಣು ಕಾಣಿಸುತ್ತದೆ. ಭೌಗೋಳಿಕ ಗುರುತು ಪಡೆದ ಕಮಲಾಪುರದ ಕೆಂಪು ಬಾಳೆ ಬೆಳೆಯುವುದು ಇಲ್ಲೇ. ಗೊನೆ ಕೈಗೆ ಬರಲು ಒಂದೂವರೆ ವರ್ಷ ಕಾಯಬೇಕು. ಸಿಪ್ಪೆ ಕೆಂಪು, ಒಳಗೆ ಕೆನೆ ಬಣ್ಣದ ತಿರುಳು, ಪರಿಮಳವೋ ತೋಟದ ಬಾಗಿಲಲ್ಲೇ ಹಿಡಿದು ನಿಲ್ಲಿಸುತ್ತದೆ.

ಅಂಥದೊಂದು ತೋಟದ ಬದುವಿನ ಮೇಲೆ ಕಸ ತೆಗೆಯುವ ಹೆಂಗಸರು ಉಣ್ಣಲು ಕೂತಿದ್ದರು. ಒಬ್ಬ ಆಯಿಯ ಎಡಗೈ ಹೆಬ್ಬೆರಳು ಹಸಿರಾಗಿತ್ತು.

"ಕೈಗಿ ಏನ್ ಹಚ್ಕೊಂಡೀರಿ ಆಯಿ?"

"ಕುಡಗೋಲ ತಾಕ್ತು ಯಪ್ಪಾ. ಈ ಎಲಿ ತಿಕ್ಕಿ ಹಿಂಡ್ಕೊಂಡೀನಿ. ಉರೀತದ, ಆದ್ರ ರಗತ ನಿಂದರ್ತದ."

"ಇದಕ್ಕ ಏನಂತಾರ್ರಿ?"

"ಕಸಕ್ಕ ಯಾರ್ ಹೆಸರಿಡ್ತಾರೋ ಯಪ್ಪಾ!"

ಆಕೆ ತೋರಿಸಿದ ಗಿಡ ನೀವೂ ನೋಡಿರುವಂಥದ್ದೇ. ಕರ್ನಾಟಕದಲ್ಲಿ ಅದಿಲ್ಲದ ಬದು, ಅದಿಲ್ಲದ ಶಾಲೆ ಅಂಗಳ, ಅದಿಲ್ಲದ ರೈಲ್ವೆ ಹಳಿ ಇಲ್ಲ. ನೆಲಕ್ಕೆ ಅಂಟಿ ಹರಿಯುವ ಕಾಂಡ, ಗೆಣ್ಣು ಮಣ್ಣಿಗೆ ತಾಗಿದಲ್ಲೆಲ್ಲ ಬೇರು. ಎದುರುಬದುರಾಗಿ ಎಲೆಗಳು, ಅಂಚಿಗೆ ಒರಟು ಹಲ್ಲು, ಮೈತುಂಬ ಸಣ್ಣ ರೋಮ. ನಡುವಿನಿಂದ ಗೇಣುದ್ದದ ಬರಿಯ ತೊಟ್ಟೊಂದು ಎದ್ದು, ಅದರ ತುದಿಯಲ್ಲಿ ಒಂದೇ ಒಂದು ಹೂ. ಬಾಗಿ ಆ ಹೂವನ್ನು ನೋಡಿದೆ. ನಡುವೆ ಹಳದಿ ಗುಂಡಿ. ಸುತ್ತ ಐದು ಬಿಳಿಚು ಎಸಳು. ಒಂದೊಂದರ ತುದಿಗೂ ಮೂರು ಹಲ್ಲು! ಹಿಮಾಲಯದ ಹೂವಿನ ಲೆಕ್ಕ ಕಮಲಾಪುರದ ಬದುವಿನ ಮೇಲೆ ಕೂತಿತ್ತು.

ಕಸಕ್ಕೆ ಹೆಸರಿಟ್ಟವನು ಒಬ್ಬ ಇದ್ದ. ಸ್ವೀಡನ್ನಿನ ಕಾರ್ಲ್ ಲಿನೇಯಸ್. ಭೂಮಿಯ ಮೇಲಿನ ಗೊತ್ತಿದ್ದ ಗಿಡಗಳಿಗೆಲ್ಲ ಎರಡೆರಡು ಪದದ ಹೆಸರಿಟ್ಟು 1753ರಲ್ಲಿ ಆತ ಸ್ಪೀಶೀಸ್ ಪ್ಲಾಂಟಾರಂ ಎಂಬ ಎರಡು ಸಂಪುಟದ ಗ್ರಂಥ ಹೊರತಂದ. ಆಯಿಯ ಗಿಡದ ಹೆಸರು ಟ್ರೈಡಾಕ್ಸ್ ಪ್ರೊಕಂಬೆನ್ಸ್. ಎರಡನೇ ಸಂಪುಟ, ಪುಟ 900. ಈಗ ಉಸಿರು ಬಿಗಿ ಹಿಡಿದು ಅದರ ಹಿಂದಿನ ಪುಟಕ್ಕೆ ಹೋಗಿ. ಪುಟ 899ರಲ್ಲಿ ಏನಿದೆ? ಅಕಿಲಿಯಾ ಮಿಲ್ಲೆಫೋಲಿಯಂ! ಅಕಿಲೀಸನ ಗಿಡ, ಕಲಬುರಗಿ ಹಕೀಮರ ಬಿರಂಜಾಸಿಫ್! ಹೂವಿನ ಅಂಗಗಳನ್ನು ಎಣಿಸಿ ಗುಂಪು ಮಾಡುವುದು ಲಿನೇಯಸನ ಪದ್ಧತಿ. ಆ ಎಣಿಕೆಯೇ ಇವೆರಡನ್ನು ಅಕ್ಕಪಕ್ಕ ತಂದು ಕೂರಿಸಿತು. ಇಬ್ಬರೂ ರಕ್ತ ನಿಲ್ಲಿಸುವ ಕೆಲಸದವರು ಎಂಬುದು ಆ ಎಣಿಕೆಯಲ್ಲಿ ಇರಲೇ ಇಲ್ಲ. ಒಂದು ಹಾಳೆಯ ಅಂತರದಲ್ಲಿ ಟ್ರಾಯ್ ಮತ್ತು ಕಮಲಾಪುರ!

ಇಲ್ಲಿಗೇ ಮುಗಿದಿದ್ದರೆ ಇದು ಬರಿಯ ಕಾಕತಾಳೀಯ ಎನ್ನಬಹುದಿತ್ತು. ಆದರೆ ಈ ಟ್ರೈಡಾಕ್ಸ್ ನಮ್ಮ ದೇಶದ ಗಿಡವೇ ಅಲ್ಲ. ಲಿನೇಯಸನಿಗೆ ಇದು ತಲುಪಿದ್ದು ಮೆಕ್ಸಿಕೋದ ವೆರಾಕ್ರೂಸ್‌ನಿಂದ. ಇದರ ತವರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. ಆ ಖಂಡದ ಗಿಡಗಳು ಹಡಗು ಹತ್ತಿ ನಮ್ಮ ಕಡೆ ಬರತೊಡಗಿದ್ದು ಕೊಲಂಬಸನ ನಂತರವೇ, ಮೆಣಸಿನಕಾಯಿ, ಶೇಂಗಾ, ಟೊಮೇಟೊ ಬಂದ ಹಾಗೆ. ಹಾಗಾದರೆ ಚರಕನಿಗೆ ಇದು ಗೊತ್ತಿರಲು ಸಾಧ್ಯವಿಲ್ಲ, ಸುಶ್ರುತನಿಗೂ ಇಲ್ಲ. ಬಸವಣ್ಣನವರ ಕಾಲದ ಕಲ್ಯಾಣದ ಬದುಗಳಲ್ಲೂ ಈ ಹೂ ಇರಲಿಲ್ಲ. ಹಾಗಿದ್ದ ಮೇಲೆ ಇದರ ಎಲೆ ಹಿಂಡಿದರೆ ರಕ್ತ ನಿಲ್ಲುತ್ತದೆ ಎಂದು ಇಲ್ಲಿ ಮೊದಲು ಕಂಡುಕೊಂಡವರು ಯಾರು?

ಕಸ ತೆಗೆಯುವ ಹೆಂಗಸರು. ದನ ಕಾಯುವ ಹುಡುಗರು. ಕುಡಗೋಲು, ಖುರ್ಪಿ ಹಿಡಿದ ಕೈಗಳು. ಹೀಗೆಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಬೇರೆ ಯಾರು ಆ ಎಲೆಯ ಹತ್ತಿರ ದಿನವಿಡೀ ಬಾಗಿ ಕೂತಿರುತ್ತಾರೆ? ಹೊಸ ಗಿಡವೊಂದು ಬಂತು, ಮೂಸಿ ನೋಡಿದರು, ಸೇವಂತಿಗೆಯ ಬಳಗದ್ದೆಂದು ಮೂಗಿಗೇ ತಿಳಿದಿರಬೇಕು, ಗಾಯಕ್ಕೆ ಹಿಂಡಿದರು, ಉರಿ ತಾಳಿಕೊಂಡರು, ನೆನಪಿಟ್ಟರು, ಮಕ್ಕಳಿಗೆ ಹೇಳಿದರು. ಒಂದೂ ತಾಳೆಗರಿ ಇಲ್ಲದೆ ಹೊಸ ಮದ್ದೊಂದು ಇಡೀ ದೇಶಕ್ಕೆ ಹಬ್ಬಿತು! ದಕ್ಷಿಣಕ್ಕೆ ಹೋಗಿ ನೋಡಿ, ತಮಿಳರು ಇದನ್ನು ವೆಟ್ಟುಕ್ಕಾಯ ಪೂಂಡು ಎನ್ನುತ್ತಾರೆ, ಕಡಿದ ಗಾಯದ ಗಿಡ ಎಂದೇ ಅರ್ಥ. ನಮ್ಮ ಪೂರ್ವದ ಗಡಿ ದಾಟಿದರೆ ತೆಲುಗಿನಲ್ಲಿ ಗಡ್ಡಿ ಚಾಮಂತಿ, ಅಂದರೆ ಹುಲ್ಲು ಸೇವಂತಿ. ಆಳಂದ ದಾಟಿ ಮಹಾರಾಷ್ಟ್ರಕ್ಕೆ ಕಾಲಿಟ್ಟರೆ ಏಕದಾಂಡಿ, ದಗಡಿ ಪಾಲಾ. ಕನ್ನಡದ ಸಸ್ಯ ಪುಸ್ತಕಗಳಲ್ಲಿ ಗಬ್ಬು ಶಾವಂತಿ, ಜಯಂತಿ ಎಂಬ ಹೆಸರುಗಳಿವೆ. ಇದರ ತವರಿನ ಗ್ವಾಟೆಮಾಲಾದಲ್ಲೂ ಜನ ಇದನ್ನು ಮದ್ದಾಗಿ ಬಳಸುತ್ತಾರೆ. ಅಲ್ಲಿನ ಅಜ್ಜಿಗೂ ಕಮಲಾಪುರದ ಆಯಿಗೂ ನಡುವೆ ಎರಡು ಸಾಗರ, ಎಲೆ ಹಿಂಡುವ ಬೆರಳು ಮಾತ್ರ ಒಂದೇ ಬಗೆ.

ಪ್ರಯೋಗಾಲಯ ಬಂದದ್ದು ಇವರೆಲ್ಲರ ಹಿಂದೆ. 1982ರಲ್ಲಿ ದಿವಾನ್, ಟಿಲ್ಲೂ ಮತ್ತು ಕುಲಕರ್ಣಿ ಎಂಬ ಮೂವರು ಸಂಶೋಧಕರು ಗಾಯ ಮಾಯುವುದರ ಮೇಲೆ ಟ್ರೈಡಾಕ್ಸ್‌ನ ಪ್ರಭಾವವನ್ನು ಪರೀಕ್ಷಿಸಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಬರೆದರು. ಆಮೇಲೆ ಸಾಲುಸಾಲು ಅಧ್ಯಯನಗಳು. ಎಲೆಯಲ್ಲಿ ಟ್ಯಾನಿನ್, ಫ್ಲೇವನಾಯ್ಡ್‌ಗಳು ಸಿಕ್ಕವು. ಯಾರೋ ಗಿಡದಲ್ಲಿ ಸಿಕ್ಕ ಅದೇ ಒಗರಿನ ಬಳಗ!

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಇದನ್ನು ಓದಿ ಯಾರೋ ಗಿಡದ ಚಿತ್ರವನ್ನು ಮೊಬೈಲಿನಲ್ಲಿ ಹುಡುಕಿ ನೋಡುವವರಿಗೆ ಅರೆ, ಇದು ನಮ್ಮ ಓಣಿಯಲ್ಲೇ ಇದೆಯಲ್ಲ ಅನ್ನಿಸಬಹುದು. ಅದು ಯಾರೋ ಅಲ್ಲ, ಪಾರ್ಥೇನಿಯಂ, ನಮ್ಮ ಕಾಂಗ್ರೆಸ್ ಕಸ! ಅದರದ್ದೂ ಸೀಳು ಸೀಳು ಎಲೆ, ಅದರದ್ದೂ ಬಿಳಿ ಹೂಗೊಂಚಲು, ಅದೂ ಇದೇ ಕುಟುಂಬ. ಆದರೆ ಅದು ಚರ್ಮಕ್ಕೆ ತುರಿಕೆ, ಮೂಗಿಗೆ ಅಲರ್ಜಿ ತರುವ ಗಿಡ. ಅದನ್ನು ಗಾಯಕ್ಕೆ ಮುಟ್ಟಿಸಲೇಬೇಡಿ. ಕಲಬುರಗಿ ಜಿಲ್ಲೆಯ ಬಯಲಿನಲ್ಲಿ ಯಾರೋ ಬೆಳೆಯುವುದಿಲ್ಲ ಎಂಬುದನ್ನು ನೆನಪಿಟ್ಟರೆ ಸಾಕು. ಸೇವಂತಿಗೆ, ಸೂರ್ಯಕಾಂತಿ ಬಳಗದ ಗಿಡ ಆಗದವರಿಗೆ ಯಾರೋ, ಟ್ರೈಡಾಕ್ಸ್ ಎರಡೂ ಬೇಡ. ಬಸುರಿಯರು ಬಿರಂಜಾಸಿಫ್ ಸೇವಿಸಬಾರದು. ಕುಡಗೋಲಿನ ಗಾಯ ಆಳವಾಗಿದ್ದರೆ, ಮಣ್ಣು ತುಕ್ಕು ತಾಗಿದ್ದರೆ ಎಲೆಯನ್ನು ನಂಬಿ ಕೂರದೆ ತೊಳೆದು ಬಟ್ಟೆ ಕಟ್ಟಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಧನುರ್ವಾಯು ತಡೆಯುವ ಇಂಜೆಕ್ಷನ್ ಹಾಕಿಸಿಕೊಳ್ಳಿ. ಆಯಿಗೂ ಅದನ್ನೇ ಹೇಳಿದೆ. "ಅದೂ ಹಾಕಿಸ್ಕೋತೀನಿ ಬಿಡು ಯಪ್ಪಾ, ರಗತ ನಿಂತ ಮ್ಯಾಲ" ಎಂದಳು.

ಗುಲ್ಬರ್ಗಾ ವಿಶ್ವವಿದ್ಯಾಲಯ 2000ದಲ್ಲಿ ಈ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥವೊಂದನ್ನು ಹೊರತಂದಿದೆ. ಬರೆದವರು ವೈ.ಎನ್. ಸೀತಾರಾಮ್, ಕೆ. ಕೊಟ್ರೇಶ ಮತ್ತು ಎಸ್.ಬಿ. ಉಪಲಾಂವಕರ. ಬಿಸಿಲನ್ನು ಲೆಕ್ಕಿಸದೆ ಹಳ್ಳಹೊಲ ತಿರುಗಿ ಗಿಡಗಳನ್ನು ಕಲೆಹಾಕಿದ ಇಂಥವರ ಕೆಲಸದ ಮೇಲೆ ಇನ್ನೊಂದು ಕೆಲಸ ಕಟ್ಟುವುದಿದೆ, ಅದಕ್ಕೆ ಪದವಿ ಬೇಕಿಲ್ಲ. ಒಂದೇ ಜಿಲ್ಲೆಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು, ಲಂಬಾಣಿ ಇಷ್ಟು ಮಾತುಗಳಿವೆ. ಒಂದೊಂದು ತಾಂಡಾದಲ್ಲಿ, ಒಂದೊಂದು ಓಣಿಯಲ್ಲಿ ಟ್ರೈಡಾಕ್ಸ್ ಗಿಡಕ್ಕೆ ಏನೆನ್ನುತ್ತಾರೆ, ಯಾವುದಕ್ಕೆ ಹಚ್ಚುತ್ತಾರೆ ಎಂಬುದು ಹೇಳುವವರ ಜೊತೆಗೇ ಹೋಗಿಬಿಡುತ್ತಿದೆ. ಅದರ ಮೇಲೆ ಕಳೆನಾಶಕದ ಪಂಪು ಬದುವಿನವರೆಗೂ ಬಂದಿದೆ.

ಆದ್ದರಿಂದ ಕಮಲಾಪುರ, ಚಿಂಚೋಳಿ, ಆಳಂದ, ಸೇಡಂ ಕಡೆಯ ಶಾಲೆ ಮೇಷ್ಟ್ರುಗಳಲ್ಲಿ, ಕಾಲೇಜು ಹುಡುಗ ಹುಡುಗಿಯರಲ್ಲಿ ನನ್ನದೊಂದು ವಿನಂತಿ. ಗಿಡವನ್ನು ಕಿತ್ತು ಮನೆಯ ಹಿರಿಯರ ಕೈಗೆ ಕೊಡಿ. ಹೆಸರೇನು, ಯಾವುದಕ್ಕೆ ಬರುತ್ತದೆ, ಯಾರಿಂದ ಕಲಿತರು ಎಂದು ಕೇಳಿ. ಊರು, ತಾರೀಖು ಹಾಕಿ ಬರೆದಿಡಿ, ಒಂದು ಪ್ರತಿಯನ್ನು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಕೊಡಿ. ಹೊಲದವರು ಕಳೆನಾಶಕ ಹೊಡೆಯುವಾಗ ಬದುವಿನ ಒಂದು ತುದಿ ಬಿಟ್ಟುಕೊಡಿ. ಈ ಗಿಡ ವರ್ಷವಿಡೀ ಹೂ ಬಿಡುತ್ತದೆ, ನಾಳೆ ಬೆಳಗ್ಗೆಯೇ ಕೇಳಲು ಶುರು ಮಾಡಬಹುದು.